ನಿದ್ದೆ ಬೇಕಾದರೆ ಮೊದಲು ಮೈ ಬಿಡಬೇಕು

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು ನನ್ನ ಹತ್ತಿರ ಬರುವುದು ಕುತ್ತಿಗೆ ನೋವು, ಸೊಂಟ ನೋವು ಅಂತ. ಮಾತಾಡಿಸಿದರೆ ಗೊತ್ತಾಗುತ್ತದೆ, ನೆಟ್ಟಗೆ ನಿದ್ದೆ ಮಾಡಿ ತಿಂಗಳುಗಳೇ ಆಗಿವೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳಕ್ಕೆ ರಾತ್ರಿಯೂ ಸೊಪ್ಪು ಹಾಕಬೇಕು, ಅಲ್ವಾ? ಗೂಡು ಮಾರಿ ಬಂದ ಮೇಲೂ ಮೈ ಬಿಗಿದುಕೊಂಡೇ ಇರುತ್ತದೆ. ಇಂಥವರಿಗೆ ಫಿಸಿಯೋಥೆರಪಿಯಲ್ಲಿ ನಾವು ಹೇಳಿಕೊಡುವುದು ಒಂದೊಂದೇ ಸ್ನಾಯುವನ್ನು ಬಿಗಿ ಮಾಡಿ ಬಿಡುವ ಅಭ್ಯಾಸ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು 1929ರಲ್ಲೇ ಇದನ್ನು ವಿವರಿಸಿದ್ದರು.

ಮಲಗುವ ಒಂದು ಗಂಟೆ ಮೊದಲು ಬಕೆಟ್‌ನ ಬೆಚ್ಚನೆ ನೀರಲ್ಲಿ ಹತ್ತು ನಿಮಿಷ ಪಾದ ಇಡಿ. ಪಾದದ ರಕ್ತನಾಳ ಹಿಗ್ಗಿ ಒಳಗಿನ ಕಾವು ಹೊರಗೆ ಹೋಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ನೀರಿನ ಬಿಸಿಯನ್ನು ಮನೆಯವರು ನೋಡಲಿ.

ಆಮೇಲೆ ಅಂಗಾತ ಮಲಗಿ. ಮಂಡಿ ಕೆಳಗೆ ಮಡಿಸಿದ ಕಂಬಳಿ, ತಲೆಗೆ ಒಂದೇ ದಿಂಬು. ಸಾವಿರಾರು ರೂಪಾಯಿಯ ದಿಂಬು ಕೊಳ್ಳಬೇಡಿ. ಟವೆಲ್ ಸುರುಳಿ ಸುತ್ತಿ ಕುತ್ತಿಗೆ ಕೆಳಗಿನ ಸಂದಿಗೆ ಇಟ್ಟರೆ ಸಾಕು.

ಪಾದದಿಂದ ಶುರು ಮಾಡಿ. ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಕೆಳಕ್ಕೆ ಚಾಚಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಅರ್ಧ ಬಲ ಸಾಕು, ಐದು ಎಣಿಸಿ, ಉಸಿರು ಕಟ್ಟಬೇಡಿ. ಈಗ ತಲೆ ಮೇಲಿನ ಸೊಪ್ಪಿನ ಹೊರೆ ಕೆಡವಿದ ಹಾಗೆ ಒಮ್ಮೆಲೇ ಬಿಡಿ.

ಎಲ್ಲರೂ ಎಡವುವುದು ಇಲ್ಲೇ. ಬಿಟ್ಟ ತಕ್ಷಣ ಮುಂದಿನ ಸ್ನಾಯುವಿಗೆ ಓಡುತ್ತಾರೆ. ಹಾಗಲ್ಲ, ಇಪ್ಪತ್ತು ಮೂವತ್ತು ಸೆಕೆಂಡ್ ಸುಮ್ನೆ ಇರಿ. ಬಿಗಿ ಇದ್ದಾಗ ಹೇಗಿತ್ತು, ಈಗ ಹೇಗಿದೆ ಎಂದು ಗಮನಿಸುವುದೇ ಇಲ್ಲಿನ ಚಿಕಿತ್ಸೆ. ಒಬ್ಬ ತಾಯಿ "ಕೈ ಪೂರ್ತಿ ಬಿಟ್ಟಿದ್ದೀನಿ ಸಾರ್" ಅಂದರು. ಅವರ ಮಣಿಕಟ್ಟು ಎತ್ತಿ ಬಿಟ್ಟೆ. ಕೈ ಗಾಳಿಯಲ್ಲೇ ನಿಂತಿತು, ಹೆಬ್ಬೆರಳು ಸೆಟೆದೇ ಇತ್ತು. ಎರಡು ವಾರ ದಿನಾ ಮಾಡಿದ ಮೇಲೆ ಅದೇ ಕೈ ಒದ್ದೆ ಬಟ್ಟೆಯ ಹಾಗೆ ಹಾಸಿಗೆಗೆ ಬಿತ್ತು. ಮನೆಯಲ್ಲೂ ಯಾರಾದರೂ ಹೀಗೆ ಎತ್ತಿ ಬಿಟ್ಟು ನೋಡಲಿ.

ತೊಡೆ, ಹೊಟ್ಟೆ, ಮುಷ್ಟಿ, ಹೆಗಲು, ಹಣೆ ಇದೇ ಕ್ರಮ. ಕೊನೆಗೆ ದವಡೆ, ಹೆಚ್ಚಿನವರು ಮರೆಯುವುದು ಇದನ್ನೇ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದಿ ಇರಲಿ.

ಮೊಬೈಲ್ ವಿಡಿಯೊ ನೋಡುತ್ತಾ ಮಾಡಬೇಡಿ. ಕಂಪಿಸುವ ಮಸಾಜ್ ಗನ್ನನ್ನು ಕುತ್ತಿಗೆಗೆ ತಾಗಿಸಲೇಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದ ಮೇಲೆ ಮಲಗಿ. ನಿದ್ದೆ ಮಾತ್ರೆಯನ್ನು ಚೀಟಿ ಇಲ್ಲದೆ ತರಬೇಡಿ. ಈಗಾಗಲೇ ನುಂಗುತ್ತಿದ್ದರೆ ದಿಢೀರನೆ ನಿಲ್ಲಿಸಲೂಬೇಡಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆ ಇಲ್ಲವೆಂದರೆ, ಅಥವಾ ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ರಾತ್ರಿ ನಿಮ್ಮ ಗೊರಕೆ ಕೇಳುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.