ಆಟೋ ಸ್ಟಾರ್ಟರ್ ಕಿತ್ತ ಮೇಲೆ ಸಿಕ್ಕಿದ ಆಲೂಗೆಡ್ಡೆ ಲೆಕ್ಕ

ಫೆಬ್ರವರಿ ಮೊದಲ ವಾರ ಗೆಡ್ಡೆ ಕಿತ್ತೆವು. ಒಂದು ಎಕರೆಗೆ ಐವತ್ತು ಕೆಜಿಯ 146 ಮೂಟೆ. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಕೊಳವೆಬಾವಿ ನೀರಿನಲ್ಲಿ ಬೆಳೆಯುವವರಿಗೆ ಇದೇನೂ ದಾಖಲೆಯಲ್ಲ, ನಮ್ಮೂರಿನಲ್ಲೇ ಇದಕ್ಕಿಂತ ಹೆಚ್ಚು ತೆಗೆದವರಿದ್ದಾರೆ. ನಾನು ಹೇಳಲು ಹೊರಟಿರುವುದು ಮೂಟೆಯ ವಿಷಯವಲ್ಲ. ಆ ದಿನ ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಗಂಟೆ ಮೀಟರ್ 215 ತೋರಿಸುತ್ತಿತ್ತು. ಮೂರು ವರ್ಷದ ಹಿಂದೆ ಅದೇ ಹೊಲ, ಅದೇ ಬಾವಿ, ಅದೇ ಕುಫ್ರಿ ಜ್ಯೋತಿ ತಳಿಗೆ ಮೋಟಾರ್ ಓಡಿದ್ದು 325 ಗಂಟೆ, ಬಂದದ್ದು 140 ಮೂಟೆ. "ಆಲೂಗೆಡ್ಡೆಗೆ ನೀರು ಕಡಿಮೆ ಮಾಡಿದರೆ ಗೋಲಿ ಆಡಲು ಗೆಡ್ಡೆ ಬರುತ್ತದೆ" ಎಂದು ಪಂಚಾಯಿತಿ ಕಟ್ಟೆಯಲ್ಲಿ ನಕ್ಕವರಿಗೆ ತೋರಿಸಲೆಂದೇ ಆ ಮೀಟರಿನ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಅವರು ನಕ್ಕದ್ದು ಪೂರ್ತಿ ತಪ್ಪೂ ಅಲ್ಲ. ಒಂದು ವರ್ಷ ನಿಜವಾಗಿಯೂ ಗೋಲಿಯೇ ಬಂದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಇದೆಲ್ಲ ಶುರುವಾದದ್ದು ಪರಿಸರದ ಕಾಳಜಿಯಿಂದಲ್ಲ. ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟಾರ್ ಸುಟ್ಟಿತು. ಎತ್ತುವ ಕೂಲಿ, ರೀವೈಂಡಿಂಗ್, ಮತ್ತೆ ಇಳಿಸುವ ಕೂಲಿ ಸೇರಿ ಒಂದೊಂದು ಸಲಕ್ಕೂ ಒಂಬತ್ತು ಹತ್ತು ಸಾವಿರ. ಎರಡನೇ ಸಲ ಹೋದಾಗ ರೀವೈಂಡಿಂಗ್ ಮಾಡುವ ಹುಡುಗ, "ಅಣ್ಣ, ದಿನಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಾರದು. ಕರೆಂಟ್ ಬಂದಾಗ ಓಡುತ್ತದೆ, ಹೋದಾಗ ನಿಲ್ಲುತ್ತದೆ, ಅಷ್ಟೇ. ಅವನೇ ಆರುನೂರು ರೂಪಾಯಿಗೆ ಗಂಟೆ ಮೀಟರ್ ಒಂದನ್ನು ಕೂರಿಸಿಕೊಟ್ಟ. ನಾನು ಮಾಡಿದ ಖರ್ಚುಗಳಲ್ಲೆಲ್ಲ ಅತಿ ಬೆಲೆಬಾಳಿದ್ದು ಆ ಆರುನೂರು.

ಇಂಗಾಲದ ಲೆಕ್ಕ, ಅಂದರೆ ಬೆಳೆ ಬೆಳೆಯುವಾಗ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬ ಲೆಕ್ಕ, ಮನೆಗೆ ಬಂದದ್ದು ಮಗಳಿಂದ. ಮೈಸೂರಿನಲ್ಲಿ ಓದುತ್ತಿದ್ದಳು, ಕಾಲೇಜಿಗೆ ಏನೋ ವರದಿ ಬರೆಯಬೇಕಿತ್ತು. ನಮ್ಮ ಹೊಲದ ಅಂಕಿ ಕೊಡಿ ಎಂದಳು. ಕೊಡೋಣವೆಂದು ಕೂತರೆ ನನ್ನ ಹತ್ತಿರ ಇದ್ದದ್ದು ಗೊಬ್ಬರದ ಅಂಗಡಿಯ ಚೀಟಿ ಮತ್ತು ಮಂಡಿ ಪಟ್ಟಿ ಮಾತ್ರ.

ನೀರು ಅಳೆಯಲು ಮೊದಲು ಎರಡಿಂಚಿನ ಪೈಪಿಗೆ ಮುಳ್ಳಿನ ಮೀಟರ್ ತಂದೆ. ಮೂರು ಸಾವಿರದ ಎಂಟುನೂರೋ ನಾಲ್ಕು ಸಾವಿರವೋ ಕೊಟ್ಟ ನೆನಪು. ನಮ್ಮ ಬಾವಿಯಲ್ಲಿ ಸಣ್ಣ ಮರಳು ಬರುತ್ತದೆ. ಮೂರನೇ ವಾರಕ್ಕೆ ಮುಳ್ಳು ನಿಂತೇಹೋಯಿತು. ಬಿಚ್ಚಿ ತೊಳೆದು ಹಾಕಿದೆ, ಮತ್ತೆ ನಿಂತಿತು. ಅದೀಗ ಕೊಟ್ಟಿಗೆಯ ಗೂಡಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ ತೆಗೆದುಕೊಂಡು ಹೋಗಬಹುದು. ಕೊನೆಗೆ ಕೆಲಸಕ್ಕೆ ಬಂದದ್ದು 200 ಲೀಟರಿನ ಡ್ರಮ್ ಮತ್ತು ಕೈಗಡಿಯಾರ. ತೊಂಬತ್ತು ಸೆಕೆಂಡಿಗೆ ತುಂಬಿತು. ಅಂದರೆ ಗಂಟೆಗೆ ಎಂಟು ಸಾವಿರ ಲೀಟರ್, ಊರಿನ ಮಾತಿನಲ್ಲಿ ಮೂರಿಂಚು ನೀರು. 325 ಗಂಟೆಗೆ ಗುಣಿಸಿದರೆ 26 ಲಕ್ಷ ಲೀಟರ್. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ನಾಲ್ಕು ಸಾವಿರ ಲೀಟರಿನಷ್ಟಾಗುತ್ತದೆ. ಹಾಗೆ ನೋಡಿದರೆ ಮೊಣಕಾಲು ಮೀರುವಷ್ಟು ನೀರನ್ನು ತೊಂಬತ್ತು ದಿನದ ಬೆಳೆಗೆ ಸುರಿದಿದ್ದೆ. ಕೆಜಿಗೆ 370 ಲೀಟರ್. ಜಗತ್ತಿನ ಸರಾಸರಿ ಕೆಜಿಗೆ 287 ಲೀಟರ್ ಎಂದು ಮಗಳು ಓದಿ ಹೇಳಿದಳು, ಅದೂ ಮಳೆ ನೀರನ್ನೆಲ್ಲ ಸೇರಿಸಿ. ನನ್ನದು ಬರೀ ಬಾವಿ ನೀರು. ಅವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಕರೆಂಟಿಗೆ ಮೀಟರ್ ಇಲ್ಲ, ಹತ್ತು ಅಶ್ವಶಕ್ತಿಯವರೆಗೆ ಬಿಟ್ಟಿ. ಲೈನ್ ಕೆಲಸ ಗೊತ್ತಿರುವ ಒಬ್ಬರನ್ನು ಕರೆದು ಕ್ಲಾಂಪ್ ಮೀಟರ್ ಹಿಡಿಸಿದೆ. ಏಳೂವರೆ ಅಶ್ವಶಕ್ತಿಯ ಮೋಟಾರ್ ಗಂಟೆಗೆ ಆರು ಯೂನಿಟ್ ಎಳೆಯುತ್ತಿತ್ತು. ನಮ್ಮ ದೇಶದ ಕರೆಂಟಿನಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲಾದ್ದರಿಂದ ಯೂನಿಟ್ಟಿಗೆ ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕು. 325 ಗಂಟೆಗೆ 1400 ಕೆಜಿ ದಾಟಿತು.

ನಾನು ಅಂದುಕೊಂಡಿದ್ದೇ ಬೇರೆ. ಜಲಂಧರಿನಿಂದ ಲಾರಿಯಲ್ಲಿ ಬರುವ ಬಿತ್ತನೆ ಗೆಡ್ಡೆಯದೇ ದೊಡ್ಡ ಪಾಪ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಎರಡೂವರೆ ಸಾವಿರ ಕಿಲೋಮೀಟರ್, ಲೀಟರಿಗೆ ನಾಲ್ಕು ಕಿಲೋಮೀಟರ್, ಇಪ್ಪತ್ತು ಟನ್ ಹೊರುವ ಲಾರಿ, ಲೀಟರ್ ಡೀಸೆಲ್ಲಿಗೆ 2.7 ಕೆಜಿ. ನನ್ನ ಎಕರೆಗೆ ಬೇಕಾದ ಏಳು ಕ್ವಿಂಟಾಲಿಗೆ ಬಿದ್ದದ್ದು ಅರವತ್ತು ಕೆಜಿ. ಟ್ರ್ಯಾಕ್ಟರಿಗೂ ಹೆಚ್ಚುಕಡಿಮೆ ಅಷ್ಟೇ. ಎರಡನೇ ದೊಡ್ಡ ಬಾಬ್ತು ಯೂರಿಯಾ. ಮೂರು ಚೀಲ ಯೂರಿಯಾ, ನಾಲ್ಕು ಚೀಲ 10:26:26 ಹಾಕುತ್ತಿದ್ದೆ. ಅಂದರೆ 80 ಕೆಜಿ ಮೀರಿ ಸಾರಜನಕ. ಶಿಫಾರಸು ಇರುವುದು ಎಕರೆಗೆ ಐವತ್ತು. ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದರಷ್ಟು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆಂದು ಹಿಡಿಯುತ್ತಾರೆ, ಆ ಅನಿಲದ ಒಂದು ಕೆಜಿ 273 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. 350 ಕೆಜಿ ಅಲ್ಲಿಗಾಯಿತು, ಯೂರಿಯಾ ಕರಗಿದಾಗ ತಾನೇ ಬಿಡುವುದು ಇನ್ನೊಂದು ನೂರು. ಎಲ್ಲ ಕೂಡಿ ಎಕರೆಗೆ ಎರಡು ಟನ್. ಗೊಬ್ಬರದ ಕಾರ್ಖಾನೆಯ ಹೊಗೆಯನ್ನು ನಾನು ಸೇರಿಸಿಲ್ಲ, ಸೇರಿಸಿದರೆ ಇನ್ನೂ ಏರುತ್ತದೆ.

ನೀರಿನ ಲೆಕ್ಕ ಬೇರೆ, ಇಂಗಾಲದ ಲೆಕ್ಕ ಬೇರೆ ಎಂಬ ಭ್ರಮೆ ಅಲ್ಲಿಗೆ ಹೋಯಿತು. ಕೊಳವೆಬಾವಿ ರೈತನಿಗೆ ಎರಡಕ್ಕೂ ಒಂದೇ ಅಳತೆ, ಮೋಟಾರ್ ಓಡಿದ ಗಂಟೆ. ಸಾಲಿನಲ್ಲಿ ನೀರು ನಿಂತು ಹೊಲ ಕೆಸರಾದಷ್ಟೂ ಯೂರಿಯಾ ಗಾಳಿಗೆ ಹೋಗುವುದು ಹೆಚ್ಚು. ಒಂದನ್ನು ಹಿಡಿದರೆ ಇನ್ನೊಂದು ತಾನೇ ಕೈಗೆ ಬರುತ್ತದೆ.

ತಿಳಿದದ್ದೇ ತಡ, ಮರುವರ್ಷ ಹುಮ್ಮಸ್ಸಿನಲ್ಲಿ ಎಲ್ಲ ಸರದಿಯಲ್ಲೂ ಮೂರನೇ ಒಂದು ಪಾಲು ನೀರು ಕಡಿದೆ. ನೆಟ್ಟ ಮೂವತ್ತನೇ ದಿನದಿಂದ ಐವತ್ತರವರೆಗೆ, ಗೆಡ್ಡೆ ಕಟ್ಟುವ ಹೊತ್ತಿನಲ್ಲೂ ಕಡಿದೆ. ಎಲೆ ಬಾಡುವುದು ಕಂಡಾಗ ಹೆದರಿ ಒಮ್ಮೆಲೇ ತುಂಬಿಸಿದೆ. ಗೆಡ್ಡೆಗೆ ಗೆಡ್ಡೆ ಹುಟ್ಟಿ ಶುಂಠಿಯಂತೆ ಕವಲೊಡೆದವು. ಒಣಗಿದ ಮಣ್ಣಿನಲ್ಲಿ ಕಟ್ಟಿದವಕ್ಕೆ ಕಜ್ಜಿ ಬೇರೆ. 95 ಮೂಟೆ ಬಂತು, ಅದರಲ್ಲಿ ಅರ್ಧ ಗೋಲಿ. ಬಂಡಿಪಾಳ್ಯದ ಮಂಡಿಯಲ್ಲಿ ರಾಶಿಯ ಮೇಲೆ ಕೈಯಾಡಿಸಿದ ವ್ಯಾಪಾರಿ ಬೆಲೆಯನ್ನೇ ಹೇಳದೆ ಮುಂದಿನ ರಾಶಿಗೆ ಹೋದ. ಬಿತ್ತನೆಗೆಡ್ಡೆಗೇ ಇಪ್ಪತ್ತು ಸಾವಿರ ಹಾಕಿದ್ದೆ. ಆ ವರ್ಷ ಮನೆ ನಡೆದದ್ದು ಹೊಗೆಸೊಪ್ಪಿನಿಂದ. (ಹೊಗೆಸೊಪ್ಪಿನ ಇಂಗಾಲ ಲೆಕ್ಕ ಹಾಕಬೇಡ ಎಂದು ಮಗಳಿಗೆ ಮೊದಲೇ ಹೇಳಿದ್ದೇನೆ. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಹಾಕುವ ಸೌದೆ ನೆನೆದರೆ ಆಲೂಗೆಡ್ಡೆ ಸಂನ್ಯಾಸಿ.)

ತುಂತುರು ನೀರಾವರಿ ಏಕೆ ಮಾಡಲಿಲ್ಲ ಎಂದು ಕೇಳುವವರಿಗೆ ಒಂದೇ ಮಾತು. ಹಿಂದೊಮ್ಮೆ ಡಿಸೆಂಬರಿನ ಮಂಜಿನಲ್ಲಿ ತುಂತುರು ಹಾಕಿ, ಎಂಟು ದಿನದಲ್ಲಿ ಇಡೀ ಹೊಲವನ್ನು ಅಂಗಮಾರಿ ರೋಗಕ್ಕೆ ಒಪ್ಪಿಸಿದವನು ನಾನು.

ಮೂರನೇ ವರ್ಷ ಡ್ರಿಪ್. ಸಹಾಯಧನ ಕಳೆದು ಕೈಯಿಂದ ಹದಿನಾಲ್ಕು ಸಾವಿರ ಬಿತ್ತು. ಅಲೆದ ಪೆಟ್ರೋಲ್ ಇದರಲ್ಲಿ ಸೇರಿಲ್ಲ. ಮೊದಲ ತಪ್ಪು, ಮಣ್ಣು ಏರಿಸುವ ಮೊದಲೇ ಪೈಪು ಎಳೆದದ್ದು. ಏರಿಸುವಾಗ ಅರ್ಧ ಪೈಪು ಮಣ್ಣಿನಡಿ ಹೂತುಹೋಯಿತು, ಕಾಲು ಭಾಗ ಗುದ್ದಲಿಗೆ ತುಂಡಾಯಿತು. ಅದನ್ನೆಲ್ಲ ಜೋಡಿಸಿ, ಹಂಗಾಮಿನ ಕೊನೆಗೆ ಹೆಮ್ಮೆಯಿಂದ ಮೀಟರ್ ನೋಡಿದರೆ 310 ಗಂಟೆ! ಮೊದಲ ವರ್ಷದ 325ಕ್ಕಿಂತ ಹದಿನೈದು ಗಂಟೆ ಮಾತ್ರ ಕಡಿಮೆ. ಚಿಕ್ಕಪ್ಪ, "ಪೈಪಿನಲ್ಲಿ ಹೋದರೂ ನೀರೇ ಅಲ್ಲವೇನೋ" ಎಂದು ಅಲ್ಲಿಗೇ ಬಿಟ್ಟರು.

ತಪ್ಪು ಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು. ತಪ್ಪಿದ್ದದ್ದು ಪೈಪಿನಲ್ಲಲ್ಲ, ಆಟೋ ಸ್ಟಾರ್ಟರಿನಲ್ಲಿ. ತ್ರೀ ಫೇಸ್ ದಿನಕ್ಕೆ ಏಳು ಗಂಟೆ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ನಿದ್ದೆಗೆಟ್ಟು ಹೋಗುವವರು ಯಾರು? ಆಟೋ ಹಾಕಿ ಮಲಗುತ್ತೇವೆ. ಕರೆಂಟ್ ಇರುವಷ್ಟು ಹೊತ್ತು ಮೋಟಾರ್ ಓಡುತ್ತದೆ. ಸಾಲಿಗೆ ಬಿಟ್ಟರೂ ಏಳು ಗಂಟೆ, ಡ್ರಿಪ್ಪಿಗೆ ಬಿಟ್ಟರೂ ಏಳು ಗಂಟೆ. ಬೆಳೆಗೆ ಎಷ್ಟು ಬೇಕೆಂದು ತೀರ್ಮಾನಿಸುತ್ತಿದ್ದದ್ದು ನಾನಲ್ಲ, ಆ ಪೆಟ್ಟಿಗೆ.

ಹೋದ ನವೆಂಬರಿನಲ್ಲಿ, ಮುಸುಕಿನ ಜೋಳ ತೆಗೆದ ಹೊಲಕ್ಕೆ ಗೆಡ್ಡೆ ನೆಟ್ಟ ದಿನವೇ ಆಟೋ ಕಿತ್ತೆ. ಬದಲಿಗೆ ಟೈಮರ್ ಹಾಕಿಸಿದೆ, ಒಂದೂಮುಕ್ಕಾಲು ಸಾವಿರ. ಮಣ್ಣು ಎಷ್ಟು ಒಣಗಿದೆ ಎಂದು ಮುಳ್ಳಿನಲ್ಲಿ ತೋರಿಸುವ ಎರಡು ಟೆನ್ಷಿಯೋಮೀಟರ್ ತಂದೆ, ಎರಡಕ್ಕೂ ಸೇರಿ ಏಳು ಸಾವಿರದ ಹತ್ತಿರ. ಒಂದನ್ನು ಬುಡದ ಪಕ್ಕ ಇಪ್ಪತ್ತು ಸೆಂಟಿಮೀಟರಿಗೆ, ಇನ್ನೊಂದನ್ನು ನಲವತ್ತಕ್ಕೆ ನೆಟ್ಟೆ. ಮೇಲಿನದು ಬೆಳೆಗೆ ಯಾವಾಗ ನೀರು ಬೇಕೆಂದು ಹೇಳುತ್ತದೆ. ನನಗೆ ಹೆಚ್ಚು ಕಲಿಸಿದ್ದು ಕೆಳಗಿನದು. ನೀರು ಬಿಟ್ಟ ಮಾರನೆಯ ದಿನ ಅದರ ಮುಳ್ಳು ಇಳಿದರೆ ನೀರು ಬೇರು ದಾಟಿ ಪಾತಾಳಕ್ಕೆ ಹೋಗಿದೆ ಎಂದರ್ಥ. ಮೊದಲ ಹದಿನೈದು ದಿನ ಪ್ರತಿ ಸಲವೂ ಇಳಿಯುತ್ತಿತ್ತು. ಟೈಮರ್ ಕಡಿಮೆ ಮಾಡುತ್ತಾ ಮಾಡುತ್ತಾ, ಅದು ಅಲ್ಲಾಡದ ಹಂತಕ್ಕೆ ತಂದೆ. ಎರಡು ಗಂಟೆ ನಲವತ್ತು ನಿಮಿಷಕ್ಕೆ ನಿಂತಿತು. ಮೇಲಿನದರಲ್ಲಿ ಯಾವ ಅಂಕಿಗೆ ಬಂದಾಗ ನಾನು ಮೋಟಾರ್ ಹಾಕುತ್ತೇನೆ ಎಂಬುದನ್ನು ಹೇಳುವುದಿಲ್ಲ. ನಮ್ಮದು ಕೆಂಪು ಮರಳು ಮಿಶ್ರಿತ ಮಣ್ಣು, ನಿಮ್ಮ ಹದ ನಿಮಗೆ. ನಲವತ್ತನೇ ದಿನದ ಆಸುಪಾಸಿನಲ್ಲಿ ನಾನು ಮಾಡುವ ಒಂದು ಸಣ್ಣ ಕೆಲಸವನ್ನೂ ಹೇಳುವುದಿಲ್ಲ, ಮುಂದಿನ ವರ್ಷ ಇನ್ನೊಮ್ಮೆ ಗೆದ್ದರೆ ನೋಡೋಣ.

ಒಂದು ಟೆನ್ಷಿಯೋಮೀಟರಿನ ಪಿಂಗಾಣಿ ತುದಿ ಕಳೆ ತೆಗೆಯುವಾಗ ಒಡೆಯಿತು. ಮೂರು ದಿನ ಅದು ಸುಳ್ಳು ಹೇಳಿತು, ನಾನು ನಂಬಿದೆ. ಅದರಿಂದ ಕಲಿತದ್ದು, ಮುಳ್ಳು ಏನೇ ಹೇಳಲಿ, ಬುಡದ ಮಣ್ಣನ್ನು ಒಮ್ಮೆ ಹಿಡಿ ಕಟ್ಟಿ ನೋಡಬೇಕು.

ಯೂರಿಯಾವನ್ನು ಡ್ರಿಪ್ ನೀರಿಗೆ ಗೊಬ್ಬರ ಬೆರೆಸುವ ವೆಂಚುರಿಯಲ್ಲಿ ಆರು ಕಂತಾಗಿ ಕೊಟ್ಟೆ. ಎರಡು ಚೀಲಕ್ಕಿಂತ ಕಡಿಮೆ ಹಿಡಿಯಿತು. ಸಾಲಿಗೆ ಎರಚುತ್ತಿದ್ದಾಗಿನ ಕಡುಹಸಿರು ಬಣ್ಣ ಬರಲಿಲ್ಲ, ಹೆಂಡತಿಗೆ ಬೆಳೆ ಸೊರಗಿದೆ ಎಂಬ ಅನುಮಾನ ಕೊನೆಯವರೆಗೂ ಹೋಗಲಿಲ್ಲ. ಆದರೆ ಸೊಪ್ಪು ಅತಿಯಾಗಿ ಹಬ್ಬದೆ ಗಾಳಿಯಾಡಿದ್ದರಿಂದ ಅಂಗಮಾರಿಗೆ ಎರಡು ಸಿಂಪಡಣೆ ಉಳಿಯಿತು.

ನಡುವೆ ನಾಲ್ಕು ಸಾಲಿಗೆ ಹೊದಿಕೆ ಹಾಕಿ ನೋಡಿದೆ. ರಾಗಿ ಹುಲ್ಲು ಮುಟ್ಟಿದರೆ ಮನೆಯಲ್ಲಿ ಜಗಳ, ಅದು ಹಸುಗಳದ್ದು. ಕೆ.ಆರ್. ನಗರದ ಕಡೆಯ ನೆಂಟರ ಗದ್ದೆಯಿಂದ, ಅವರು ಸುಡಲಿದ್ದ ಕಬ್ಬಿನ ತರಗು ತಂದೆ. ಹದ ಎರಡು ದಿನ ಹೆಚ್ಚು ನಿಂತದ್ದು ನಿಜ. ಆದರೆ ಅದರಡಿ ಇಲಿಗಳು ಸಂಸಾರ ಹೂಡಿದವು. ನಾಲ್ಕು ಸಾಲಿನಲ್ಲಿ ಕಚ್ಚದ ಗೆಡ್ಡೆ ಹುಡುಕಬೇಕಾಯಿತು. ತಂದ ಟೆಂಪೋ ಬಾಡಿಗೆಯೂ ಹುಟ್ಟಲಿಲ್ಲ.

ಈಗ ಲೆಕ್ಕ. ಡ್ರಿಪ್ಪಿಗೆ ಜೋಡಿಸಿದಾಗ ಒತ್ತಡಕ್ಕೆ ನೀರು ಗಂಟೆಗೆ ಏಳು ಸಾವಿರ ಲೀಟರಿಗೆ ಇಳಿಯುತ್ತದೆ. ಹನಿಯಡಿ ಲೋಟ ಇಟ್ಟು ಹಿಡಿದೇ ಇದನ್ನು ಕಂಡುಕೊಂಡೆ. 215 ಗಂಟೆಗೆ 15 ಲಕ್ಷ ಲೀಟರ್, ಕೆಜಿ ಗೆಡ್ಡೆಗೆ ಇನ್ನೂರರ ಹತ್ತಿರ. ನೀರು ನೂರಕ್ಕೆ ನಲವತ್ತರಷ್ಟು ಉಳಿಯಿತು, ಕರೆಂಟ್ ಮಾತ್ರ ಮೂರನೇ ಒಂದು. ಇದನ್ನು ಮುಚ್ಚಿಟ್ಟು ನಲವತ್ತು ಎಂದೇ ಬರೆಯಬಹುದಿತ್ತು, ಮಗಳು ಬಿಡಲಿಲ್ಲ. ಇಂಗಾಲ ಎರಡು ಟನ್ನಿನಿಂದ 1350 ಕೆಜಿಗೆ ಬಂತು.

ಹಣ? ಇಲ್ಲಿ ಸ್ವಲ್ಪ ಕಹಿಯಿದೆ. ಬಿಟ್ಟಿ ಕರೆಂಟ್ ಉಳಿಸಿದರೆ ಪೈಸೆ ಬರುವುದಿಲ್ಲ. ಒಂದು ಚೀಲ ಯೂರಿಯಾ ಉಳಿಸಿದರೆ 270 ರೂಪಾಯಿ. ಇಂಗಾಲ ಉಳಿಸಿದ್ದಕ್ಕೆ ಹಣ ಸಿಗುವ ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆಂದು ಕಾರಿನಲ್ಲಿ ಬಂದವರೊಬ್ಬರು ಖಾಲಿ ಫಾರಂಗೆ ಸಹಿ ಕೇಳಿದರು. ಒಂದು ಕ್ರೆಡಿಟ್ ಎಂದರೆ ಒಂದು ಟನ್, ನನ್ನ ಎಕರೆಗೆ ಮುಕ್ಕಾಲೂ ಆಗುವುದಿಲ್ಲವಲ್ಲ ಎಂದೆ. ಕಾಫಿ ಕುಡಿದು ಹೋದರು. ನಿಜವಾದ ದುಡ್ಡು ಬಂದದ್ದು ಬೇರೆ ಕಡೆ. ಸಿಂಪಡಣೆಯಲ್ಲಿ ಮೂರು ಸಾವಿರ ಉಳಿಯಿತು, ಮೋಟಾರ್ ಸುಡಲಿಲ್ಲ, ಉಳಿದ ನೀರಿನಲ್ಲಿ ಪಕ್ಕದ ಅರ್ಧ ಎಕರೆಗೆ ಬೀನ್ಸ್ ಹಾಕಿ ಮೂವತ್ತೈದು ಸಾವಿರ ಕಂಡೆ. ಬೀನ್ಸಿಗೆ ಓಡಿದ ಗಂಟೆಯನ್ನು ಆಲೂಗೆಡ್ಡೆಯ ಖಾತೆಗೆ ಹಾಕಿಲ್ಲ. ಬಾವಿಯ ದೃಷ್ಟಿಯಿಂದ ನೋಡಿದರೆ ನಾನು ಉಳಿಸಿದ ನೀರಿನಲ್ಲಿ ಅರ್ಧ ಮತ್ತೆ ಖರ್ಚಾಯಿತು. ಮಗಳು ಇದನ್ನೂ ಬರೆದುಕೊಂಡಿದ್ದಾಳೆ.

ಹೋದ ವಾರ ಚಿಕ್ಕಪ್ಪ ಬಂದು ಡ್ರಮ್ ಕೇಳಿದರು. ತಮ್ಮ ಬಾವಿಯಲ್ಲಿ ಮೂರೂವರೆ ಇಂಚು ನೀರು ಎಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದವರು. ಡ್ರಮ್ ತುಂಬಲು ಎರಡೂವರೆ ನಿಮಿಷ ಹಿಡಿಯಿತಂತೆ. ಇದನ್ನು ಅವರು ಹೇಳಲಿಲ್ಲ, ಅವರ ಮಗ ಹೇಳಿದ. ಡ್ರಮ್ ಇನ್ನೂ ವಾಪಸ್ ಬಂದಿಲ್ಲ.