ನನ್ನ ಸೊಂಟದ ಮೇಲಿನ ಉಷ್ಟ್ರಪಕ್ಷಿ

ಐದು ವರ್ಷದ ಹಿಂದೆ ಭಾವ ದಕ್ಷಿಣ ಆಫ್ರಿಕಾದಿಂದ ಬಂದಾಗ ನನಗೊಂದು ಬೆಲ್ಟ್ ತಂದುಕೊಟ್ಟರು. ಬಿಚ್ಚಿ ನೋಡಿದರೆ ಚರ್ಮದ ತುಂಬ ಗುಳ್ಳೆ ಗುಳ್ಳೆ. ಅಮ್ಮ ಕನ್ನಡಕ ಏರಿಸಿ, ಒಂದು ಸಲ ಸವರಿ ನೋಡಿದರು. "ಪುಕ್ಕ ಕಿತ್ತ ಕೋಳಿ ಥರ ಇದೆಯಲ್ಲೋ, ಇದನ್ನ ಕಟ್ಕೊಂಡು ಸ್ಟೇಜ್ ಹತ್ತುತ್ತೀಯಾ?" ಅಂದರು.

ಅಮ್ಮ ಹೇಳಿದ್ದು ತಪ್ಪೇನಲ್ಲ. ಅದು ಉಷ್ಟ್ರಪಕ್ಷಿಯ ಚರ್ಮ. ಒಂದೊಂದು ಗುಳ್ಳೆಯೂ ಒಂದೊಂದು ಗರಿ ಇದ್ದ ಜಾಗ.

ನನ್ನ ಕೆಲಸ ನಿರೂಪಣೆ. ಊರು ಸಾಗರದ ಕಡೆ, ಇರುವುದು ಬೆಂಗಳೂರಿನಲ್ಲಿ. ಕಂಪನಿಗಳ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಪುಸ್ತಕ ಬಿಡುಗಡೆ, ನವೆಂಬರ್ ಬಂದರೆ ರಾಜ್ಯೋತ್ಸವ. ಮೈಕು ಹಿಡಿದು ವೇದಿಕೆ ಮೇಲೆ ನಿಂತವನನ್ನು ಮುಂದಿನ ಸಾಲಿನವರು ಕತ್ತೆತ್ತಿ ನೋಡಬೇಕು. ಅವರ ಕಣ್ಣಿಗೆ ಮುಖಕ್ಕಿಂತ ಮೊದಲು ಸಿಗುವುದು ಸೊಂಟ. ಹಾಗಾಗಿ ಬೆಲ್ಟಿನ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ.

ಇದಕ್ಕೂ ಮೊದಲು ಒಂದು ಸಲ ಟೋಪಿ ಹಾಕಿಸಿಕೊಂಡಿದ್ದೆ. ಒಂದು ಅಂಗಡಿಯಲ್ಲಿ ಮೊಸಳೆ ಚರ್ಮ ಅಂತ ಹೇಳಿ ಕೊಟ್ಟರು. ನಾನೂ ಖುಷಿಯಲ್ಲಿ ತಗೊಂಡೆ. ಮನೆಗೆ ಬಂದು ಉದ್ದಕ್ಕೆ ಹಾಸಿ ನೋಡಿದರೆ, ಪ್ರತಿ ಒಂದು ಗೇಣಿಗೆ ಅದೇ ಅದೇ ಚಿತ್ತಾರ. ಮೂರನೇ ಚೌಕ ಮುರಿದಂತಿದ್ದರೆ, ಒಂದು ಗೇಣು ಆಚೆಯೂ ಅದೇ ಚೌಕ ಹಾಗೇ ಮುರಿದಿದೆ. ಸಾದಾ ಚರ್ಮದ ಮೇಲೆ ಅಚ್ಚು ಒತ್ತಿದ್ದು! ನಿಜವಾದ ಪ್ರಾಣಿಯ ಮೈ ಹಾಗಿರಲ್ಲ, ಒಂದು ಹುರುಪೆಯ ಹಾಗೆ ಇನ್ನೊಂದು ಇರುವುದಿಲ್ಲ. ಮೊಸಳೆಯದಾದರೆ ಒಂದೊಂದು ಹುರುಪೆಯ ಅಂಚಿನಲ್ಲೂ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಚುಕ್ಕೆ ಇರುತ್ತದೆ. ಅಮೆರಿಕದ ಆಲಿಗೇಟರ್ ಚರ್ಮದಲ್ಲಿ ಆ ಚುಕ್ಕೆ ಕಾಣುವುದಿಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ.

ಆದ್ದರಿಂದ ಭಾವ ಕೊಟ್ಟಾಗ ಬಾಯಲ್ಲಿ ಥ್ಯಾಂಕ್ಸ್ ಅಂದರೂ ಕೈ ಸುಮ್ನೆ ಇರಲಿಲ್ಲ. ಗುಳ್ಳೆಗಳನ್ನು ಒಂದೊಂದಾಗಿ ನೋಡಿದೆ. ಕೆಲವು ದೊಡ್ಡವು, ಕೆಲವು ಚಿಕ್ಕವು. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳ. ಎಲ್ಲವೂ ಒಂದೇ ದಿಕ್ಕಿಗೆ ವಾಲಿದಂತೆ. ನಡುವೆ ಸಣ್ಣ ತೂತು. ಉಗುರಲ್ಲಿ ಮೆಲ್ಲಗೆ ಎತ್ತಿದರೆ ಗುಳ್ಳೆಯ ಅಂಚು ಕೊಂಚ ಏಳುತ್ತದೆ. ಅಚ್ಚು ಒತ್ತಿದ್ದರಲ್ಲಿ ಹೀಗೆ ಏಳಲ್ಲ. ಭಾವ ನೋಡಿ ನಕ್ಕರು. "ಅನುಮಾನ ಬೇಡ ಮಾರಾಯ, ಫಾರ್ಮ್ ಇರೋ ಊರಿಗೇ ಹೋಗಿ ತಂದಿದ್ದು" ಅಂದರು.

ಆ ಊರಿನ ಹೆಸರು ಔಟ್ಸ್‌ಹೋರ್ನ್. ಕೇಪ್‌ಟೌನ್‌ನಿಂದ ಸುಮಾರು 400 ಕಿ.ಮೀ. ದೂರ, ಲಿಟಲ್ ಕರೂ ಅನ್ನುವ ಒಣ ಸೀಮೆಯಲ್ಲಿದೆ. ನೂರು ವರ್ಷಕ್ಕೂ ಹಿಂದೆ ಅಲ್ಲಿ ಉಷ್ಟ್ರಪಕ್ಷಿ ಸಾಕಿದ್ದು ಚರ್ಮಕ್ಕಲ್ಲ, ಗರಿಗೆ. ಯುರೋಪಿನ ಹೆಂಗಸರ ಟೋಪಿಗೆ ಆ ಗರಿ ಬೇಕಿತ್ತು. ಗರಿ ಮಾರಿ ಶ್ರೀಮಂತರಾದವರು ಅರಮನೆಯಂಥ ಮನೆ ಕಟ್ಟಿಸಿಕೊಂಡರು. 1914ರ ಹೊತ್ತಿಗೆ ಫ್ಯಾಷನ್ ಬದಲಾಯಿತು, ಯುದ್ಧವೂ ಬಂತು, ಬೆಲೆ ನೆಲ ಕಚ್ಚಿತು. ತೆರೆದ ಕಾರಿನಲ್ಲಿ ಗಾಳಿಗೆ ಅಷ್ಟು ದೊಡ್ಡ ಗರಿಯ ಟೋಪಿ ನಿಲ್ಲುತ್ತಿರಲಿಲ್ಲ ಅನ್ನುವುದೂ ಒಂದು ಕಾರಣವಂತೆ. ಈಗ ಅಲ್ಲಿನವರು ಮಾಂಸಕ್ಕೂ ಚರ್ಮಕ್ಕೂ ಸಾಕುತ್ತಾರೆ. ಹಕ್ಕಿಯ ಪೂರ್ತಿ ಚರ್ಮದಲ್ಲಿ ಗುಳ್ಳೆ ಚೆನ್ನಾಗಿರುವುದು ಬೆನ್ನಿನ ಭಾಗದಲ್ಲಿ ಮಾತ್ರ. ಬೆಲೆ ಇರುವುದೂ ಅದಕ್ಕೇ. ಆ ಭಾಗ ಇಡೀ ಬೆಲ್ಟಿನ ಉದ್ದಕ್ಕೆ ಸಾಲದೆ ನನ್ನ ಬೆಲ್ಟಿನಲ್ಲಿ ಬೆನ್ನ ಹಿಂದೆ ಬರುವ ಕಡೆ ಒಂದು ಜೋಡಣೆ ಇದೆ. ಹುಡುಕಿದರಷ್ಟೇ ಕಾಣುತ್ತದೆ.

ಬಣ್ಣಕ್ಕೆ ಅವರು ಕಾಗ್ನ್ಯಾಕ್ ಅನ್ನುತ್ತಾರೆ. ನಮ್ಮ ಮಲೆನಾಡಿನವರಿಗೆ ಹೇಳಬೇಕಂದರೆ ಜೋನಿ ಬೆಲ್ಲದ ಬಣ್ಣ. ಅಗಲ 35 ಮಿ.ಮೀ.

ಮೊದಲ ಸಮಸ್ಯೆ ಉದ್ದ. ಭಾವನ ಅಂದಾಜಿಗೆ ನನ್ನ ಸೊಂಟ ಇನ್ನೂ ದಪ್ಪ. ಕೊನೆಯ ತೂತಿಗೆ ಹಾಕಿದರೂ ಬೆಲ್ಟಿನ ತುದಿ ಅರ್ಧ ಸೊಂಟ ಸುತ್ತುತ್ತಿತ್ತು. ಹಳೇ ಬೆಲ್ಟುಗಳಿಗೆಲ್ಲ ಮೊಳೆ ಹೊಡೆದು ಹೊಸ ತೂತು ಮಾಡಿದ ಅಭ್ಯಾಸ ನನ್ನದು. ಇದಕ್ಕೂ ಮೊಳೆ ಎತ್ತಿಕೊಂಡಿದ್ದೆ, ಹೆಂಡತಿ ಕಸಿದುಕೊಂಡಳು. ಶಿವಾಜಿನಗರದಲ್ಲಿ ಚರ್ಮದ ಕೆಲಸ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ಹೇಳಿದ ಮಾತು ಇದು: ಬೆಲ್ಟ್ ಕತ್ತರಿಸುವುದು ತುದಿಯ ಕಡೆ ಅಲ್ಲ, ಬಕಲ್ ಕಡೆ. ಬಕಲ್ ಬಿಚ್ಚಿ, ಆ ಕಡೆಯಿಂದ ಬೇಕಾದಷ್ಟು ತೆಗೆದು, ಮತ್ತೆ ಬಕಲ್ ಕೂರಿಸಬೇಕು. ಆಗ ತುದಿಯ ಆಕಾರವೂ ಹಾಳಾಗಲ್ಲ, ಐದು ತೂತುಗಳೂ ಇದ್ದ ಹಾಗೇ ಇರುತ್ತವೆ. ನಡುವಿನ ಮೂರನೇ ತೂತಿಗೆ ಬೆಲ್ಟ್ ಕೂರಬೇಕು, ತುದಿ ಪ್ಯಾಂಟಿನ ಮೊದಲ ಲೂಪ್ ದಾಟಿ ನಿಲ್ಲಬೇಕು. ಹಬ್ಬದಲ್ಲಿ ಒಂದು ಹೋಳಿಗೆ ಜಾಸ್ತಿ ತಿಂದರೆ ಎರಡನೆಯದು, ಜ್ವರ ಬಂದು ಇಳಿದರೆ ನಾಲ್ಕನೆಯದು.

ಅಲ್ಲೇ ಬಕಲ್ಲನ್ನೂ ಬದಲಾಯಿಸಿದೆ. ಬಂದಾಗ ಇದ್ದದ್ದು ಹಳದಿ ಬಣ್ಣದ ದೊಡ್ಡ ಬಕಲ್, ಫಳಫಳ ಹೊಳೆಯುತ್ತಿತ್ತು. ಒಂದು ಆರತಕ್ಷತೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಫೋಟೋದವರು ಎರಡು ಸಲ ಬಂದು, "ಸಾರ್, ನಿಮ್ಮ ಹೊಟ್ಟೆ ಹತ್ರ ಲೈಟ್ ಹೊಡೀತಿದೆ" ಅಂದರು. ಮಾರನೇ ದಿನ ಫೋಟೋ ನೋಡಿದರೆ ಮದುಮಗಳ ಒಡವೆಗಿಂತ ನನ್ನ ಬಕಲ್ಲೇ ಮಿಂಚುತ್ತಿದೆ. ಈಗಿರುವುದು ಹೊಳಪಿಲ್ಲದ ಬೆಳ್ಳಿ ಬಣ್ಣದ್ದು, ಸಣ್ಣದು. ನನ್ನ ಗಡಿಯಾರವೂ ಸ್ಟೀಲಿನದೇ, ಎರಡೂ ಹೊಂದಿಕೊಂಡವು.

ಇನ್ನು ಯಾವಾಗ ಯಾವುದರ ಜೊತೆ ಅನ್ನುವುದು. ನಾನು ಸಾಕಷ್ಟು ತಪ್ಪು ಮಾಡಿ ಕಲಿತಿದ್ದೇನೆ.

ಈ ಬೆಲ್ಟಿಗೆ ಅತ್ಯಂತ ಒಗ್ಗುವುದು ಕಡು ನೀಲಿ. ಕಂಪನಿ ಕಾರ್ಯಕ್ರಮಕ್ಕೆ ಹೋಗುವಾಗ ಕಡು ನೀಲಿ ಪ್ಯಾಂಟು, ಬಿಳಿ ಅಂಗಿ, ಕಂದು ಶೂ, ಅಷ್ಟೇ. ಅಂಗಿಯಲ್ಲಿ ಗೆರೆ ಬೇಡ, ಚೌಕಳಿ ಬೇಡ. ಬೆಲ್ಟಿನಲ್ಲೇ ಇಷ್ಟೊಂದು ಗುಳ್ಳೆ ಇರುವಾಗ ಅಂಗಿಯಲ್ಲೂ ಚಿತ್ತಾರ ಇದ್ದರೆ ಕಣ್ಣು ಎಲ್ಲಿ ನಿಲ್ಲಬೇಕು ಹೇಳಿ? ಬೂದು ಬಣ್ಣದ ಸೂಟಿಗೂ ಚೆನ್ನ. ಹಗಲಿನ ಪುಸ್ತಕ ಬಿಡುಗಡೆಗೆ ತಿಳಿ ಕೆನೆ ಬಣ್ಣದ ಲಿನನ್ ಪ್ಯಾಂಟು, ಮೇಲೆ ತಿಳಿ ನೀಲಿ ಅಂಗಿ. ಸಾಹಿತ್ಯದವರು ಬಟ್ಟೆ ನೋಡಲ್ಲ ಅನ್ನುವುದು ಸುಳ್ಳು. ಈ ಬೆಲ್ಟಿನ ಬಗ್ಗೆ ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಒಬ್ಬ ಕವಿ.

ಶೂ ಮತ್ತು ಬೆಲ್ಟು ಪಡಿಯಚ್ಚಿನಂತೆ ಒಂದೇ ಬಣ್ಣ ಇರಬೇಕು ಅಂತ ಮೊದಲು ನಂಬಿದ್ದೆ. ಅದಕ್ಕಾಗಿ ಜೋನಿ ಬೆಲ್ಲದ ಬಣ್ಣದ ಶೂ ಹುಡುಕಿ ಒಂದು ತಿಂಗಳು ಅಲೆದೆ. ಬೇಕಿರಲಿಲ್ಲ. ಎರಡೂ ಕಂದು ಇದ್ದರೆ ಸಾಕು, ಶೂ ಒಂದು ಪಟ್ಟು ಗಾಢವಾಗಿದ್ದರೆ ಇನ್ನೂ ಚೆಂದ. ಆದರೆ ಶೂ ನಯವಾದ ಸಾದಾ ಚರ್ಮದ್ದೇ ಆಗಬೇಕು. ಕಾಲಿಗೂ ಉಷ್ಟ್ರಪಕ್ಷಿ, ಸೊಂಟಕ್ಕೂ ಉಷ್ಟ್ರಪಕ್ಷಿ, ಗಡಿಯಾರದ ಪಟ್ಟಿಗೂ ಅದೇ ಆದರೆ ಪಕ್ಷಿಯೇ ಬಂದು ನಿರೂಪಣೆ ಮಾಡಿದಂತಿರುತ್ತದೆ.

ಕಪ್ಪು ಪ್ಯಾಂಟಿಗೆ ಇದನ್ನು ಹಾಕಬಾರದು. ಹಾಕಿ ನೋಡಿದ್ದೇನೆ. ಹೊಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಕಪ್ಪಿಗೆ ನನ್ನ ಹತ್ತಿರ ಲಿಡ್ಕರ್ ಅಂಗಡಿಯಲ್ಲಿ ತಗೊಂಡ ಸಾದಾ ಕಪ್ಪು ಬೆಲ್ಟ್ ಇದೆ, ಅದೇ ಸಾಕು. ಸಾವಿನ ಮನೆಗೆ, ಶ್ರದ್ಧಾಂಜಲಿ ಸಭೆಗೆ ಹೋಗುವಾಗಲೂ ಅದೇ. ಅಂಥ ಕಡೆ "ಇದ್ಯಾವ ಚರ್ಮ ಸಾರ್?" ಅಂತ ಯಾರಾದರೂ ಕೇಳುವಂತಾಗಬಾರದು.

ಜೀನ್ಸ್ ಜೊತೆ ಅರ್ಧ ಗೆಲುವು. ಜೀನ್ಸಿನ ಲೂಪು 40 ಮಿ.ಮೀ. ಬೆಲ್ಟಿಗೂ ಜಾಗ ಬಿಟ್ಟಿರುತ್ತದೆ, 35ರದ್ದು ಅದರಲ್ಲಿ ಸಡಿಲವಾಗಿ ಜಾರಾಡುತ್ತದೆ. ಮಾಸದ ಕಡು ನೀಲಿ ಜೀನ್ಸು, ಇನ್ ಮಾಡಿದ ಅಂಗಿ ಆದರೆ ಒಪ್ಪುತ್ತದೆ. ಟೀ ಶರ್ಟ್ ಮೇಲೆ ಬಿಟ್ಟುಕೊಂಡರೆ ಬೆಲ್ಟ್ ಕಾಣುವುದೇ ಇಲ್ಲ.

ಕಾಣದ ಕಡೆ ಹಾಕುವ ತಪ್ಪನ್ನು ನಾನು ಬಹಳ ದಿನ ಮಾಡಿದೆ. ಜೋಧಪುರಿ ಕೋಟು, ಶೇರ್ವಾನಿ, ಉದ್ದ ಜುಬ್ಬ, ಇವುಗಳ ಒಳಗೆ ಗುಳ್ಳೆ ಬೆಲ್ಟ್ ಹಾಕಿದರೆ ಯಾರಿಗೂ ಕಾಣಲ್ಲ, ಹೊಟ್ಟೆಯ ಹತ್ತಿರ ಉಬ್ಬು ಮಾತ್ರ ಕಾಣುತ್ತದೆ. ವೇಸ್ಟ್‌ಕೋಟಿನ ಕೆಳಗೂ ಅಷ್ಟೇ, ಬಕಲ್ ಎದ್ದು ನಿಲ್ಲುತ್ತದೆ. ಅದಕ್ಕಾಗಿ ಮೂರು ತುಂಡಿನ ಸೂಟು ಹೊಲಿಸುವಾಗ ದರ್ಜಿಗೆ ಹೇಳಿ ಲೂಪು ಬೇಡ ಅಂದೆ, ಸೊಂಟದ ಎರಡೂ ಪಕ್ಕ ಬಿಗಿ ಮಾಡುವ ಪಟ್ಟಿ ಇಡಿಸಿದೆ. ಟಕ್ಸಿಡೋಗಂತೂ ಬೆಲ್ಟೇ ಇಲ್ಲ, ಅದರ ಪ್ಯಾಂಟಿಗೆ ಲೂಪೇ ಇರುವುದಿಲ್ಲ.

ಪಂಚೆಯ ಕಥೆಯನ್ನೂ ಹೇಳಿಬಿಡುತ್ತೇನೆ. ರಾಜ್ಯೋತ್ಸವಕ್ಕೆ ಪಂಚೆ, ಶಲ್ಯ. ಪಂಚೆ ಜಾರುವ ಭಯ ನನಗೆ ಯಾವತ್ತೂ ಇದೆ. ಒಂದು ವರ್ಷ ಪಂಚೆ ಮೇಲೆ ಇದೇ ಬೆಲ್ಟ್ ಬಿಗಿದು ಅಂಗಿ ಇಳಿಬಿಟ್ಟೆ. ಪಂಚೆಗೆ ಲೂಪು ಎಲ್ಲಿಂದ ಬರಬೇಕು? ಭಾಷಣ ಮುಗಿಯುವ ಹೊತ್ತಿಗೆ ಬೆಲ್ಟ್ ಮೇಲಕ್ಕೆ, ಪಂಚೆ ಕೆಳಕ್ಕೆ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು ನಾಡಗೀತೆ ಮುಗಿಸಿದೆ. ಮಾವ ಮನೆಗೆ ಬಂದವರೇ ತಮ್ಮ ಅಗಲದ ಹಸಿರು ಬೆಲ್ಟ್ ಕೊಟ್ಟರು. ಜೇಬಿರುವ ದಪ್ಪ ಬಟ್ಟೆಯ ಬೆಲ್ಟ್ ಗೊತ್ತಲ್ವಾ, ಅದು. ಪಂಚೆಗೆ ಅದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಕೆಲವು ಕಡೆ ಚರ್ಮವೇ ಬೇಡ. ದೇವಸ್ಥಾನಕ್ಕೆ ಹೋಗುವಾಗ ಬೆಲ್ಟ್ ಕಾರಿನಲ್ಲೇ ಉಳಿಯುತ್ತದೆ. ಜೈನರ ಮದುವೆಗೆ ನಿರೂಪಣೆ ಒಪ್ಪಿಕೊಂಡರೆ ಬಟ್ಟೆಯ ಬೆಲ್ಟ್ ಹಾಕುತ್ತೇನೆ. ಮೊದಲ ಸಲ ಗೊತ್ತಿಲ್ಲದೆ ಇದನ್ನೇ ಹಾಕಿ ಹೋಗಿದ್ದೆ. ಮನೆಯ ಹಿರಿಯರೊಬ್ಬರು ಬೈಯಲಿಲ್ಲ. ಪಕ್ಕಕ್ಕೆ ಕರೆದು, "ಇದು ಯಾವ ಜೀವ?" ಅಂತ ಕೇಳಿದರು. ಉತ್ತರ ಹೇಳುವಾಗ ನನ್ನ ದನಿ ಸಣ್ಣದಾಯಿತು.

ಆ ಪ್ರಶ್ನೆ ಬೇರೆಯವರೂ ಕೇಳುತ್ತಾರೆ, ಹೆಚ್ಚಿನವರು ಕಾನೂನಿನ ಕುತೂಹಲಕ್ಕೆ. ದಕ್ಷಿಣ ಆಫ್ರಿಕಾದ ಫಾರ್ಮಿನ ಉಷ್ಟ್ರಪಕ್ಷಿ, ವನ್ಯಜೀವಿ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಲ್ಲ. ಮೊಸಳೆ, ಹೆಬ್ಬಾವು ಹಾಗಲ್ಲ, ಅವು ಪಟ್ಟಿಯಲ್ಲಿವೆ, ಕಾಗದಪತ್ರ ಬೇಕು. ನಮ್ಮ ದೇಶದ ಮೊಸಳೆ, ಹೆಬ್ಬಾವು, ಉಡ ಇವುಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಂಗೀತದ ಕಾರ್ಯಕ್ರಮಗಳಲ್ಲಿ ಖಂಜಿರ ನುಡಿಸುವವರನ್ನು ಕೇಳಿ ನೋಡಿ. ಹಿಂದೆ ಅದಕ್ಕೆ ಕಟ್ಟುತ್ತಿದ್ದದ್ದು ಉಡದ ಚರ್ಮ. ಈಗ ಮೇಕೆ ಚರ್ಮಕ್ಕೂ ಸಿಂಥೆಟಿಕ್ಕಿಗೂ ಬಂದಿದ್ದಾರೆ. ಯಾರೋ ಒಬ್ಬರು ನನಗೆ ಅಗ್ಗಕ್ಕೆ ಉಡದ ಚರ್ಮದ ಬೆಲ್ಟ್ ಕೊಡುತ್ತೇನೆ ಅಂದಾಗ ಕೈ ಮುಗಿದು ಬಂದೆ.

ನೋಡಿಕೊಳ್ಳುವುದು ಕಷ್ಟವಿಲ್ಲ. ನಾನೇ ಕಷ್ಟ ಮಾಡಿಕೊಂಡೆ. ಹೊಳಪು ಬರಲಿ ಅಂತ ಒಂದು ದಿನ ಶೂ ಪಾಲಿಶ್ ಹಚ್ಚಿದೆ. ಪಾಲಿಶ್ ಹೋಗಿ ಪ್ರತಿ ಗುಳ್ಳೆಯ ತೂತಲ್ಲೂ ಕೂತಿತು, ಒಣಗಿ ಬೆಳ್ಳಗಾಯಿತು. ಹಳೇ ಮೆತ್ತನೆಯ ಟೂತ್‌ಬ್ರಷ್ ಹಿಡಿದು ಎರಡು ಸಂಜೆ ಒಂದೊಂದನ್ನೇ ಬಿಡಿಸಿದ್ದೇನೆ. ಈ ಚರ್ಮದಲ್ಲಿ ಎಣ್ಣೆಯಂಶ ಮೊದಲೇ ಇದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ವರ್ಷಕ್ಕೆ ಒಂದೆರಡು ಸಲ ಬಣ್ಣವಿಲ್ಲದ ಕ್ರೀಮು, ಅದೂ ಬಟ್ಟೆಗೆ ಸವರಿ ಆಮೇಲೆ ಬೆಲ್ಟಿಗೆ. ಹಾಕಿ ಬಂದ ದಿನ ಬೆವರು ಆರುವ ತನಕ ಹೊರಗೆ, ಆಮೇಲೆ ಬಕಲ್ಲಿನಿಂದ ನೇತುಹಾಕುವುದು. ಸುರುಳಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಸಾಗರಕ್ಕೆ ಜುಲೈ ತಿಂಗಳಲ್ಲಿ ಇದನ್ನು ಒಯ್ಯುವುದೇ ಇಲ್ಲ.

ಒಂದು ಗಾಯ ಮಾತ್ರ ಹೋಗಿಲ್ಲ. ಕಾಲರ್ ಮೈಕಿಗೆ ಸೊಂಟದಲ್ಲಿ ಒಂದು ಪುಟ್ಟ ಡಬ್ಬಿ ಸಿಕ್ಕಿಸುತ್ತಾರೆ. ಅದರ ಕಬ್ಬಿಣದ ಕ್ಲಿಪ್ಪು ಗಟ್ಟಿ. ಮೊದಲ ವರ್ಷವೇ ಸೌಂಡಿನ ಹುಡುಗ ಅವಸರದಲ್ಲಿ ಸಿಕ್ಕಿಸಿ ಎಳೆದ. ಬೆನ್ನ ಹಿಂದೆ ಎಡಕ್ಕೆ ನಾಲ್ಕು ಗುಳ್ಳೆ ಸಿಪ್ಪೆ ಎದ್ದವು. ನಾನು ಅವತ್ತು ಸಿಟ್ಟಿನಲ್ಲಿ, "ಇದು ಉಷ್ಟ್ರಪಕ್ಷಿ ಕಣಪ್ಪ" ಅಂದೆ. ಅವನಿಗೆ ಅರ್ಥ ಆಗಲಿಲ್ಲ, ಅಮ್ಮ ಹೇಳಿದ್ದನ್ನೇ ಹೇಳಿದೆ. ಮುಂದಿನ ಕಾರ್ಯಕ್ರಮಕ್ಕೆ ಅವನೇ ಅವರಕ್ಕನ ಕೈಯಲ್ಲಿ ಒಂದು ಪುಟ್ಟ ಬಟ್ಟೆ ಚೀಲ ಹೊಲಿಸಿ ತಂದಿದ್ದ, ದಾರ ಇರುವಂಥದ್ದು. ಡಬ್ಬಿ ಅದರೊಳಗೆ, ದಾರ ಪ್ಯಾಂಟಿನ ಲೂಪಿಗೆ. ಈಗ ನಾನು ಗ್ರೀನ್ ರೂಮಿಗೆ ಬಂದ ಕೂಡಲೇ ಅವನು ಮೊದಲು ನೋಡುವುದು ನನ್ನ ಸೊಂಟವನ್ನು. ಕಪ್ಪು ಬೆಲ್ಟ್ ಇದ್ದರೆ ಸುಮ್ಮನೆ ಕ್ಲಿಪ್ ಹಾಕುತ್ತಾನೆ. ಇಲ್ಲದಿದ್ದರೆ ಬ್ಯಾಗಿಗೆ ಕೈ ಹಾಕುತ್ತಾ ಕೂಗುತ್ತಾನೆ, "ಒಂದ್ನಿಮಿಷ ಸಾರ್, ಇವತ್ತು ಕೋಳಿ ಬಂದಿದೆ!"