ಕೈಗೆ ಸಣ್ಣ ಸಂಬಳ ಬರುವಾಗ ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ?

‘ಮನೆ ಬಾಡಿಗೆಗಿದೆ’ ಬೋರ್ಡ್ ಕಂಡ ಕೂಡಲೇ ನಾವು ಕೇಳುವುದು ಬಾಡಿಗೆ ಎಷ್ಟು ಎಂದು. ಸಣ್ಣ ಸಂಬಳದವರು ಅಷ್ಟಕ್ಕೇ ನಿಲ್ಲಬಾರದು. ಅಡ್ವಾನ್ಸ್, ಓಡಾಟ, ನೀರು, ಕರೆಂಟು ಎಲ್ಲ ಕೂಡಿದಾಗ ಬರುವುದೇ ಆ ಮನೆಯ ನಿಜವಾದ ಬಾಡಿಗೆ. ಅದನ್ನು ಮನೆ ಹಿಡಿಯುವ ಮೊದಲೇ ಲೆಕ್ಕ ಹಾಕಬಹುದು.

ಸಂಬಳದಿಂದ ಶುರು ಮಾಡಿ

ಆಫರ್ ಲೆಟರ್‌ನಲ್ಲಿರುವ ಮೊತ್ತವನ್ನು ಮರೆತುಬಿಡಿ. ಪಿಎಫ್ ಕಳೆದು ಬ್ಯಾಂಕಿಗೆ ಬೀಳುವ ದುಡ್ಡೇ ಲೆಕ್ಕ. ತಿಂಗಳ ಸಂಬಳ 21,000 ರೂಪಾಯಿ ಮೀರದಿದ್ದರೆ ಇಎಸ್‌ಐಗೆಂದು, ಅಂದರೆ ನೌಕರರ ಸರ್ಕಾರಿ ಆರೋಗ್ಯ ವಿಮೆಗೆಂದು, ಶೇ 0.75 ಹಿಡಿಯುತ್ತಾರೆ. ಅದನ್ನು ನಷ್ಟ ಎನ್ನಬೇಡಿ. ಮನೆಯವರ ಹೆಸರನ್ನೂ ಸೇರಿಸಿ ಕಾರ್ಡ್ ಮಾಡಿಸಿಕೊಳ್ಳಿ. ಒಂದು ಜ್ವರಕ್ಕೆ ಖಾಸಗಿ ಆಸ್ಪತ್ರೆಗೆ ಹೋದರೂ ಆ ತಿಂಗಳ ಬಜೆಟ್ ಬುಡಮೇಲಾಗುತ್ತದೆ.

ದೂರಕ್ಕೂ ಬೆಲೆಯಿದೆ

ಕೆಲಸದ ಹತ್ತಿರ 9,500ರ ಮನೆ, 18 ಕಿ.ಮೀ. ದೂರದಲ್ಲಿ 7,500ರ ಮನೆ ಇವೆ ಎಂದುಕೊಳ್ಳಿ. ಲೀಟರಿಗೆ 45 ಕಿ.ಮೀ. ಕೊಡುವ ಬೈಕಿನಲ್ಲಿ ತಿಂಗಳಿಗೆ 26 ದಿನ ಹೋಗಿಬಂದರೆ ಪೆಟ್ರೋಲಿಗೇ 2,000 ರೂಪಾಯಿ ದಾಟುತ್ತದೆ. ಉಳಿಯಿತು ಅಂದುಕೊಂಡದ್ದು ಬಂಕಿನಲ್ಲೇ ಹೋಯಿತು. ಬಿಎಂಟಿಸಿಯ ಸಾಮಾನ್ಯ ಬಸ್ ಪಾಸ್ 2025ರ ಜನವರಿಯಲ್ಲಿ ದರ ಏರಿದ ಮೇಲೆ ತಿಂಗಳಿಗೆ 1,200 ಆಗಿದೆ. ಬಸ್ಸಿನಲ್ಲಾದರೆ ಸ್ವಲ್ಪ ಮಿಗುತ್ತದೆ, ಆದರೆ ದಿನಕ್ಕೆ ಮೂರು ಗಂಟೆ ಕೊಡಬೇಕಾದೀತು.

ಹೆಣ್ಣುಮಕ್ಕಳಿಗೆ ಈ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೇ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ, ಬೈಕಿನಲ್ಲಿ ಓಡಾಡುವವರ ಕೆಲಸದ ಜಾಗಕ್ಕೆ ಹತ್ತಿರವಾಗಿ ಮನೆ ನೋಡುವುದು ಲಾಭ.

ಅಡ್ವಾನ್ಸ್‌ನಲ್ಲಿದೆ ಅಸಲು ಭಾರ

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೇ ರೂಢಿ. ಈಗ ಅನೇಕ ಕಡೆ ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಬಾಡಿಗೆ 8,500, ಅಡ್ವಾನ್ಸ್ 80,000 ಅಂದರು ಅನ್ನಿ. ಆ ದುಡ್ಡನ್ನು ಊರಿನಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,600 ಬಡ್ಡಿ. ಅಲ್ಲಿಗೆ ನಿಮ್ಮ ಬಾಡಿಗೆ 10,100 ಆಯಿತು. ಆಗ ಓನರ್ ಹತ್ತಿರ ಹೀಗೆ ಮಾತಾಡಿ: ‘ಬಾಡಿಗೆ 500 ಜಾಸ್ತಿ ತಗೊಳ್ಳಿ ಸಾರ್, ಅಡ್ವಾನ್ಸ್ ನಲವತ್ತಕ್ಕೆ ಇಳಿಸಿ.’ ಬಾಡಿಗೆ 9,000, ಬಡ್ಡಿ 800, ಒಟ್ಟು 9,800. ತಿಂಗಳಿಗೆ 300 ಉಳಿಯುವುದಷ್ಟೇ ಅಲ್ಲ, ತಲೆಯ ಮೇಲಿನ ಸಾಲವೂ ಅರ್ಧವಾಯಿತು. ಅಡ್ವಾನ್ಸ್‌ಗೆ ಸ್ವಂತ ಉಳಿತಾಯವೇ ಇದ್ದರೆ ಇದನ್ನು ತಿರುವಿ ಹಾಕಿ. ಹೆಚ್ಚು ಮುಂಗಡ ಕೊಟ್ಟು ಬಾಡಿಗೆ ಇಳಿಸಿ ಎಂದು ಕೇಳಿ.

ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟು ಬಾಡಿಗೆ ಇಲ್ಲದೆ ಇರುವ ಭೋಗ್ಯದ ಮನೆಗಳೂ ಇವೆ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇಲ್ಲ ಎಂಬುದು ಖಚಿತವಾಗದೆ, ಪತ್ರದಲ್ಲಿ ಹೆಸರಿರುವ ಮಾಲೀಕರೇ ಎದುರಿಗೆ ಕೂರದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮನೆ ನೋಡುವಾಗ ಕೇಳಬೇಕಾದ್ದು

ಕಾವೇರಿ ನೀರು ಬರುತ್ತದೆಯೇ, ಬೋರ್ ನೀರೇ? ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು? ಓನರ್ ಹೇಳಿದ್ದನ್ನು ಪಕ್ಕದ ಪೋರ್ಷನ್‌ನವರ ಹತ್ತಿರವೂ ಕೇಳಿ. 2024ರ ಬೇಸಿಗೆ ಕಂಡವರು ನಿಜ ಹೇಳುತ್ತಾರೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ನಮ್ಮ ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇದೆಯೇ? ಸಬ್‌ಮೀಟರ್ ಮಾತ್ರ ಇದ್ದರೆ ಓನರ್ ಯೂನಿಟ್‌ಗೆ ಇಷ್ಟು ಎಂದು ವಸೂಲಿ ಮಾಡುತ್ತಾರೆ, ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ನಿಮಗೆ ಸಿಗುವುದಿಲ್ಲ. ಮನೆಗೆ ಸ್ವಂತ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇದ್ದರೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಹಿಂದಿನವರ ಆಧಾರ್ ಜೋಡಣೆಯನ್ನು ಮೊದಲು ತೆಗೆಸಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು.

ಕರಾರು ಓದಿ ಸಹಿ ಹಾಕಿ

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕಾದ್ದರಿಂದ ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಮುಂದಿನ ವರ್ಷ ಬಾಡಿಗೆ ಎಷ್ಟು ಏರುತ್ತದೆ, ಮನೆ ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂಬುದು ಅದರಲ್ಲಿ ಅಂಕಿಯಲ್ಲೇ ಇರಲಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ವಾಡಿಕೆ. ಎಂಟೇ ತಿಂಗಳಿದ್ದ ಮನೆಗೂ ನನ್ನಿಂದ ಪೂರ್ತಿ ಹಿಡಿದಿದ್ದರು, ಇದ್ದಷ್ಟು ದಿನಕ್ಕೆ ತಕ್ಕಂತೆ ಎಂದು ಬರೆಸಿಕೊಂಡಿರಲಿಲ್ಲ. ನೀವು ಬರೆಸಿಕೊಳ್ಳಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕಳಿಸಿ.

ಹೊಟ್ಟೆಪಾಡು

ಊರಿನ ಬಿಪಿಎಲ್ ಕಾರ್ಡಿನಲ್ಲಿ ಹೆಸರಿದ್ದರೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡಿತರ ಪಡೆಯಬಹುದು. ಗ್ಯಾಸ್ ಸಂಪರ್ಕಕ್ಕೆ ವಿಳಾಸದ ದಾಖಲೆ ಇಲ್ಲದವರಿಗೆ ಗುರುತಿನ ಚೀಟಿ ತೋರಿಸಿದರೆ 5 ಕೆ.ಜಿ. ಸಿಲಿಂಡರ್ ಸಿಗುತ್ತದೆ. ಸೊಪ್ಪು ತರಕಾರಿಗೆ ವಾರಕ್ಕೊಮ್ಮೆ ಸಂತೆಗೋ ಮಾರ್ಕೆಟ್ಟಿಗೋ ಹೋಗಿ.

ಮನೆ ಬಿಡುವ ದಿನ

ಕರಾರಿನಲ್ಲಿರುವಷ್ಟು ದಿನ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ, ಬಾಯಿಮಾತು ಸಾಲದು. ಖಾಲಿ ಮಾಡಿದ ಮೇಲೆ ಗೋಡೆ, ನಲ್ಲಿ, ಮೀಟರ್ ರೀಡಿಂಗ್‌ನ ಫೋಟೊ ತೆಗೆದಿಡಿ. ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿ. ಅಡ್ವಾನ್ಸ್ ಖಾತೆಗೆ ಬಂದ ಮೆಸೇಜ್ ನೋಡಿದ ನಂತರವೇ ಬೀಗದ ಕೈ ಕೊಡಿ.